ಹಳೆಯ ವೇಗದ ಎಂಜಿನ್‌ಗಳ ಇಗ್ನಿಷನ್: ಪಾಯಿಂಟ್ ಉಳಿಸಿಕೊಳ್ಳಲೇ, ಬದಲಿಸಲೇ?

ಪ್ರಶ್ನೆ: ನನ್ನ ಬಳಿ 1971ರ ಡಾಟ್ಸನ್ 240ಝಡ್ ಇದೆ. ಎಂಜಿನ್ ಮೂಲದ್ದೇ, ಪಾಯಿಂಟ್ (ಕಿಡಿಗಾಗಿ ವಿದ್ಯುತ್ ಕಡಿಯುವ ಪುಟ್ಟ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಭಾಗ) ಕೂಡ ಮೂಲದ್ದೇ. ನಿಮಿಷಕ್ಕೆ 5500 ಸುತ್ತು ದಾಟಿದ ಮೇಲೆ, ಅದರಲ್ಲೂ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ಎಂಜಿನ್ ಮುಗ್ಗರಿಸುತ್ತದೆ. ಪ್ಲಗ್‌ಗಳನ್ನು ಬದಲಿಸಿದೆ. ‘60 ಸಾವಿರ ವೋಲ್ಟ್’ ಎಂದು ಬರೆದಿದ್ದ ಹೊಸ ಕಾಯಿಲ್ (ಬ್ಯಾಟರಿಯ ವೋಲ್ಟನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸುರುಳಿ) ಹಾಕಿಸಿದೆ. ಏನೂ ಬದಲಾಗಲಿಲ್ಲ. ಒಬ್ಬರು ಸಿ.ಡಿ.ಐ. (ಕೆಪಾಸಿಟರಿನಿಂದ ಕಿಡಿ ಕೊಡುವ) ಪೆಟ್ಟಿಗೆ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ನಂತರದ 280ಝಡ್‌ಎಕ್ಸ್‌ನ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಎನ್ನುತ್ತಾರೆ, ಮೂರನೆಯವರು ಡಿಸ್ಟ್ರಿಬ್ಯೂಟರನ್ನೇ ಕಿತ್ತುಹಾಕಿ ಎನ್ನುತ್ತಾರೆ. ಈ ವ್ಯವಸ್ಥೆಗಳಲ್ಲಿ ನಿಜವಾದ ವ್ಯತ್ಯಾಸವೇನು? ನನ್ನ ಕಾರಿಗೆ ಯಾವುದು ಸರಿ?

ಉತ್ತರ: ಮೊದಲು ಆ ಕಾಯಿಲ್ ವಿಷಯ ಮುಗಿಸೋಣ, ಏಕೆಂದರೆ ಉಳಿದದ್ದೆಲ್ಲ ಅಲ್ಲಿಂದಲೇ ಅರ್ಥವಾಗುತ್ತದೆ. ಪೆಟ್ಟಿಗೆಯ ಮೇಲೆ ಬರೆದ 60 ಸಾವಿರ ವೋಲ್ಟ್ ನಿಮ್ಮ ಎಂಜಿನ್ನಿನೊಳಗೆ ಎಂದೂ ಹುಟ್ಟುವುದಿಲ್ಲ. ಕಾಯಿಲ್‌ನ ವೋಲ್ಟೇಜ್ ಏರುತ್ತ ಹೋಗಿ, ಪ್ಲಗ್ಗಿನ ಸಂದಿಯಲ್ಲಿರುವ ಅನಿಲ ಎಲ್ಲಿ ಸೋಲುತ್ತದೆಯೋ ಅಲ್ಲಿಗೆ ನಿಂತುಬಿಡುತ್ತದೆ. ಸಾಮಾನ್ಯ ಓಟದಲ್ಲಿ 10 ಸಾವಿರದ ಆಸುಪಾಸು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸಿಲಿಂಡರ್ ತುಂಬಿದಾಗ 20 ಸಾವಿರದ ಆಸುಪಾಸು. ಅನಿಲ ಒತ್ತಿಕೊಂಡಷ್ಟೂ ಕಿಡಿ ಹಾರುವುದು ಕಷ್ಟ. ಆದ್ದರಿಂದಲೇ ನಿಮ್ಮ ಎಂಜಿನ್ ಸುಮ್ಮನೆ ಸುತ್ತಿಸಿದಾಗ ಚೆನ್ನಾಗಿದ್ದು, ಭಾರ ಬಿದ್ದಾಗ ಮುಗ್ಗರಿಸುತ್ತದೆ. ನಿಮಗೆ ಬೇಕಾದ 20 ಸಾವಿರ ವೋಲ್ಟ್ ಸಿಗದೆ ಹೋಗುತ್ತಿದ್ದರೆ ಅದಕ್ಕೆ ಕಾರಣ ಕಾಯಿಲ್‌ನ ಮೇಲ್ಮಿತಿಯಲ್ಲ. ಕಾಯಿಲ್‌ಗೆ ತುಂಬಿಕೊಳ್ಳಲು ಹೊತ್ತು ಸಿಗುತ್ತಿಲ್ಲ, ಇಲ್ಲವೇ ಅದನ್ನು ಬಿಡುವ ಪಾಯಿಂಟ್ ಸರಿಯಾಗಿ ಬಿಡುತ್ತಿಲ್ಲ.

ಹಳೆಯ ಇಗ್ನಿಷನ್ ವ್ಯವಸ್ಥೆಗಳನ್ನು ಹೋಲಿಸುವಾಗ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಎರಡು ಕಿಡಿಗಳ ನಡುವೆ ಶಕ್ತಿ ತುಂಬಿಕೊಳ್ಳಲು ಎಷ್ಟು ಹೊತ್ತು ಇದೆ? ಕಿಡಿ ಹಾರಬೇಕಾದ ಗಳಿಗೆಯನ್ನು ಯಾರು ಹಿಡಿದಿದ್ದಾರೆ, ಎಷ್ಟು ಗಟ್ಟಿಯಾಗಿ ಹಿಡಿದಿದ್ದಾರೆ? ಅರವತ್ತು ಎಪ್ಪತ್ತರ ದಶಕಗಳಲ್ಲಿ ತಯಾರಕರು ಮಾಡಿದ ಸಾಹಸಗಳೆಲ್ಲ ಈ ಎರಡು ಪ್ರಶ್ನೆಗಳಿಗೆ ಕೊಟ್ಟ ಬೇರೆ ಬೇರೆ ಉತ್ತರಗಳು.

ನಿಮ್ಮ ಕಾರಿನಲ್ಲಿರುವುದು ಚಾರ್ಲ್ಸ್ ಕೆಟರಿಂಗ್ 1910ರ ಆಸುಪಾಸಿನಲ್ಲಿ ಕ್ಯಾಡಿಲಾಕ್ ಕಾರಿಗಾಗಿ ರೂಪಿಸಿದ ಪದ್ಧತಿ. ಪಾಯಿಂಟ್ ಕೂಡಿದಾಗ ಬ್ಯಾಟರಿಯಿಂದ ಕಾಯಿಲ್‌ನ ದಪ್ಪ ತಂತಿಯ ಸುತ್ತುಗಳಲ್ಲಿ ವಿದ್ಯುತ್ ಹರಿಯುತ್ತದೆ, ಕಬ್ಬಿಣದ ತಿರುಳಿನಲ್ಲಿ ಕಾಂತಕ್ಷೇತ್ರ ಬೆಳೆಯುತ್ತದೆ. ಡಿಸ್ಟ್ರಿಬ್ಯೂಟರಿನ ಕ್ಯಾಮ್ ಪಾಯಿಂಟನ್ನು ಬಿಡಿಸಿದ ಕ್ಷಣ ಆ ಕ್ಷೇತ್ರ ಕುಸಿಯುತ್ತದೆ. ದಪ್ಪ ತಂತಿಯಲ್ಲಿ ಮುನ್ನೂರರ ಆಸುಪಾಸಿನ ವೋಲ್ಟ್ ಹುಟ್ಟುತ್ತದೆ, ಅದರ ನೂರು ಪಟ್ಟು ಸುತ್ತುಗಳಿರುವ ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟ್. ಪಾಯಿಂಟಿನ ಪಕ್ಕದಲ್ಲಿ ಕೂತ ಪುಟ್ಟ ಕಂಡೆನ್ಸರ್ ಇಲ್ಲದಿದ್ದರೆ ಆ ಶಕ್ತಿ ಪಾಯಿಂಟುಗಳ ನಡುವೆಯೇ ಉರಿದು ಹೋಗುತ್ತದೆ, ಪ್ಲಗ್ಗಿಗೆ ತಲುಪುವುದೇ ಇಲ್ಲ.

ಈಗ ಲೆಕ್ಕ ಹಾಕೋಣ. ನಾಲ್ಕು ಹೊಡೆತದ ಆರು ಸಿಲಿಂಡರಿನ ಎಂಜಿನ್ನಿಗೆ ಒಂದು ಸುತ್ತಿಗೆ ಮೂರು ಕಿಡಿ ಬೇಕು. 6000 ಸುತ್ತಿನಲ್ಲಿ ನಿಮಿಷಕ್ಕೆ 18,000, ಅಂದರೆ ಸೆಕೆಂಡಿಗೆ 300. ಎರಡು ಕಿಡಿಗಳ ನಡುವೆ ಇರುವುದು 3.3 ಮಿಲಿಸೆಕೆಂಡ್. ನಿಮ್ಮ ಡಿಸ್ಟ್ರಿಬ್ಯೂಟರಿನಲ್ಲಿ ಪ್ರತಿ ಸಿಲಿಂಡರಿನ ಪಾಲಿಗೆ ಬರುವ 60 ಡಿಗ್ರಿಯಲ್ಲಿ ಪಾಯಿಂಟ್ ಕೂಡಿರುವುದು ಸುಮಾರು 38 ಡಿಗ್ರಿ ಮಾತ್ರ. ಇದನ್ನೇ ಡ್ವೆಲ್ ಎನ್ನುತ್ತೇವೆ. ಹಾಗಾಗಿ ಕಾಯಿಲ್‌ಗೆ ಸಿಗುವುದು 2.1 ಮಿಲಿಸೆಕೆಂಡ್.

ಕಾಯಿಲ್ ಒಮ್ಮೆಲೇ ತುಂಬುವುದಿಲ್ಲ, ಏರುತ್ತ ಏರುತ್ತ ತುಂಬುತ್ತದೆ. ಆ ಕಾಲದ ಒಂದು ಸಾಮಾನ್ಯ ಕಾಯಿಲ್ ತೆಗೆದುಕೊಳ್ಳಿ: ಇಂಡಕ್ಟನ್ಸ್ 8 ಮಿಲಿಹೆನ್ರಿ, ವಿದ್ಯುತ್ತನ್ನು ಮಿತಿಯಲ್ಲಿಡುವ ಬ್ಯಾಲಸ್ಟ್ ರೆಸಿಸ್ಟರ್ ಸೇರಿ ಒಟ್ಟು ರೋಧ 3 ಓಮ್, ಓಡುವಾಗ ಸಿಗುವ ವೋಲ್ಟೇಜ್ 14. ಪೂರ್ತಿ ತುಂಬಿದರೆ ಅದರಲ್ಲಿ ಸುಮಾರು 4.7 ಆಂಪಿಯರ್ ಹರಿಯುತ್ತದೆ. 3000 ಸುತ್ತಿನಲ್ಲಿ ಪಾಯಿಂಟ್ ಬಿಡುವ ಹೊತ್ತಿಗೆ 3.7 ಆಂಪಿಯರ್ ಮುಟ್ಟಿರುತ್ತದೆ. 6000ದಲ್ಲಿ 2.5 ಮಾತ್ರ. ಶಕ್ತಿ ವಿದ್ಯುತ್ತಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಇಳಿತ ಇನ್ನೂ ಕಡಿದು: 3000ದಲ್ಲಿ ಸುಮಾರು 55 ಮಿಲಿಜೌಲ್ ಇದ್ದದ್ದು 6000ದಲ್ಲಿ 25ಕ್ಕೆ ಬರುತ್ತದೆ. ಎಂಜಿನ್ ಹೆಚ್ಚು ಕೇಳುವ ಹೊತ್ತಿನಲ್ಲೇ ಕಾಯಿಲ್ ಕಡಿಮೆ ಕೊಡುತ್ತದೆ. ಕೆಟರಿಂಗ್ ಪದ್ಧತಿಯ ಮೂಲ ದೌರ್ಬಲ್ಯ ಇದೊಂದೇ ಎಂದರೂ ತಪ್ಪಿಲ್ಲ. ಆದರೂ ಎಲ್ಲವೂ ಸುಸ್ಥಿತಿಯಲ್ಲಿದ್ದರೆ ಆ 25 ಮಿಲಿಜೌಲ್ ಸಾಕು. ನಿಮ್ಮ ಕಾರು ಕಾರ್ಖಾನೆಯಿಂದ ಹೊರಬಂದಾಗ ಇದೇ ಪಾಯಿಂಟಿನಲ್ಲಿ 6500 ಸುತ್ತು ತಲುಪುತ್ತಿತ್ತು, ಮುಗ್ಗರಿಸುತ್ತಿರಲಿಲ್ಲ. ಇದನ್ನು ಮರೆಯಬೇಡಿ.

ಇದೇ ಲೆಕ್ಕವನ್ನು ಎಂಟು ಸಿಲಿಂಡರಿಗೆ ಹಾಕಿದರೆ 6000ದಲ್ಲಿ ಸೆಕೆಂಡಿಗೆ 400 ಕಿಡಿ. ಹನ್ನೆರಡು ಸಿಲಿಂಡರ್, 7000 ಸುತ್ತು ಎಂದರೆ 700 ಕಿಡಿ, ನಡುವೆ 1.4 ಮಿಲಿಸೆಕೆಂಡ್. ಒಂದು ಕಾಯಿಲ್, ಒಂದು ಜೊತೆ ಪಾಯಿಂಟಿನಿಂದ ಇದು ಆಗುವ ಮಾತಲ್ಲ. ಫೆರಾರಿ 365 ಜಿಟಿಬಿ/4, ಲ್ಯಾಂಬೋರ್ಗಿನಿ ಮಿಯುರಾ ಮುಂತಾದ ಹನ್ನೆರಡು ಸಿಲಿಂಡರಿನ ಕಾರುಗಳಲ್ಲಿ ಎರಡು ಮರೆಲ್ಲಿ ಡಿಸ್ಟ್ರಿಬ್ಯೂಟರ್ ಕಾಣುವುದು ಇದಕ್ಕೇ. ಒಂದು ಹನ್ನೆರಡನ್ನು ಎರಡು ಆರು ಮಾಡಿದರು, ಪ್ರತಿ ಕಾಯಿಲ್‌ಗೂ ದುಪ್ಪಟ್ಟು ಹೊತ್ತು ಸಿಕ್ಕಿತು. ಸರಳ ಉಪಾಯ, ಚೆನ್ನಾಗಿಯೇ ನಡೆಯಿತು. ಆದರೆ ಎರಡೂ ಡಿಸ್ಟ್ರಿಬ್ಯೂಟರ್‌ಗಳ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಹೊಂದಿಸುವ ಕೆಲಸ ಮೆಕ್ಯಾನಿಕ್‌ನ ತಲೆಗೆ ಬಂತು. ಹೊಂದದಿದ್ದರೆ ಒಂದು ಸಾಲಿನ ಆರು ಸಿಲಿಂಡರ್ ಮುಂದೆ, ಇನ್ನೊಂದು ಸಾಲಿನ ಆರು ಹಿಂದೆ ಎಳೆಯುತ್ತವೆ.

ಅಮೆರಿಕದ ಎಂಟು ಸಿಲಿಂಡರಿನ ದೊಡ್ಡ ಎಂಜಿನ್‌ಗಳಲ್ಲಿ ಬೇರೆ ದಾರಿ ಹಿಡಿದರು. ಒಂದೇ ಡಿಸ್ಟ್ರಿಬ್ಯೂಟರಿನಲ್ಲಿ ಎರಡು ಜೊತೆ ಪಾಯಿಂಟ್ ಇಟ್ಟರು. ಒಂದು ಜೊತೆ ಬಿಟ್ಟು ಕಿಡಿ ಹಾರಿದ ಕೂಡಲೇ ಇನ್ನೊಂದು ಜೊತೆ ಕೂಡಿಬಿಡುತ್ತದೆ, ಹಾಗಾಗಿ ಕಾಯಿಲ್ ಬೇಗನೆ ಮತ್ತೆ ತುಂಬತೊಡಗುತ್ತದೆ. ಕ್ರೈಸ್ಲರ್‌ನ 426 ಹೆಮಿಯಲ್ಲಿ ಇದೇ ವ್ಯವಸ್ಥೆ ಇತ್ತು. ಡ್ವೆಲ್ ಹೆಚ್ಚಾಯಿತು ನಿಜ, ಆದರೆ ಸವೆಯುವ ಭಾಗಗಳೂ ಇಮ್ಮಡಿಯಾದವು.

ಮ್ಯಾಗ್ನೆಟೊ ಬಗ್ಗೆ ನೀವು ಕೇಳಿಲ್ಲ, ಆದರೆ ಈ ಸಾಲಿನಲ್ಲಿ ಅದನ್ನು ಬಿಡಲಾಗದು. ಬಾಷ್ ಸಂಸ್ಥೆಯಲ್ಲಿ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಸಿದ್ಧಪಡಿಸಿದ ಹೈ-ವೋಲ್ಟೇಜ್ ಮ್ಯಾಗ್ನೆಟೊಗೆ ಬ್ಯಾಟರಿಯೇ ಬೇಡ. ಅಯಸ್ಕಾಂತದ ನಡುವೆ ಸುತ್ತುವ ಸುರುಳಿಯೇ ವಿದ್ಯುತ್ ಹುಟ್ಟಿಸುತ್ತದೆ, ಹಾಗಾಗಿ ವೇಗ ಏರಿದಂತೆ ಕಿಡಿ ಬಲಗೊಳ್ಳುತ್ತದೆ. ಕಾಯಿಲ್‌ನ ಸ್ವಭಾವಕ್ಕೆ ತದ್ವಿರುದ್ಧ. ರೇಸ್ ಕಾರುಗಳು ಅದನ್ನು ಬಹುಕಾಲ ಬಿಡಲಿಲ್ಲ. ಡ್ರ್ಯಾಗ್ ರೇಸಿನ ಟಾಪ್ ಫ್ಯುಯೆಲ್ ವಾಹನಗಳು ಈಗಲೂ ಬಿಟ್ಟಿಲ್ಲ. ಸ್ಟಾರ್ಟ್ ಮಾಡುವಾಗ, ನಿಧಾನ ಓಟದಲ್ಲಿ ಕಿಡಿ ದುರ್ಬಲ. ರಸ್ತೆಯ ಕಾರಿಗೆ ಒಗ್ಗುವುದಿಲ್ಲ.

ಇನ್ನು ಟ್ರಾನ್ಸಿಸ್ಟರ್. ಅರವತ್ತರ ದಶಕದ ಆರಂಭದಲ್ಲಿ ಅದು ಬಂದಾಗ ಮೊದಲು ಮಾಡಿದ ಕೆಲಸ ಪಾಯಿಂಟಿನ ಹೊರೆ ಇಳಿಸಿದ್ದು. ಕಾಯಿಲ್‌ನ ಪೂರ್ತಿ ವಿದ್ಯುತ್ತನ್ನು ಟ್ರಾನ್ಸಿಸ್ಟರ್ ಕಡಿಯುತ್ತದೆ, ಪಾಯಿಂಟ್ ಬರೀ ಸನ್ನೆ ಕೊಡುತ್ತದೆ. ಪಾಯಿಂಟಿನ ಮುಖ ಸುಡುವುದು ನಿಂತಿತು. ಆದರೆ ಕ್ಯಾಮ್ ಮೇಲೆ ಉಜ್ಜುವ ಫೈಬರ್ ತುಂಡು ಸವೆಯುವುದು ನಿಲ್ಲಲಿಲ್ಲ. ಅದು ಸವೆದಂತೆ ಪಾಯಿಂಟಿನ ಸಂದಿ ಕಿರಿದಾಗುತ್ತದೆ, ಡ್ವೆಲ್ ಹೆಚ್ಚುತ್ತದೆ, ಪಾಯಿಂಟ್ ತಡವಾಗಿ ಬಿಡುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ. ಡ್ವೆಲ್ ಒಂದು ಡಿಗ್ರಿ ಹೆಚ್ಚಿದರೆ ಕ್ರ್ಯಾಂಕಿನಲ್ಲಿ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟಿನಲ್ಲಿ) ಟೈಮಿಂಗ್ ಸುಮಾರು ಒಂದು ಡಿಗ್ರಿ ತಡವಾಯಿತು ಎಂದೇ ಲೆಕ್ಕ. ವೇಗ ಹೆಚ್ಚಾದಾಗ ಇನ್ನೊಂದು ತೊಂದರೆ: ಪಾಯಿಂಟಿನ ಸ್ಪ್ರಿಂಗ್ ಸೋತಿದ್ದರೆ ಅದು ಕ್ಯಾಮ್ ಜೊತೆ ಹೆಜ್ಜೆ ಹಾಕಲಾರದೆ ಕುಪ್ಪಳಿಸುತ್ತದೆ. ಕೂಡಬೇಕಾದ ಹೊತ್ತಿನಲ್ಲಿ ಕೂಡುವುದಿಲ್ಲ. ನಿಮ್ಮ ಎಂಜಿನ್ನಿನ ಲಕ್ಷಣ ಕೇಳಿದಾಗ ನನಗೆ ಮೊದಲು ಬಂದ ಅನುಮಾನಗಳಲ್ಲಿ ಇದೂ ಒಂದು.

ಪಾಯಿಂಟನ್ನೇ ತೆಗೆದುಹಾಕಿದ್ದು ಮುಂದಿನ ಹೆಜ್ಜೆ. ಹಲ್ಲಿನ ಚಕ್ರ, ಅದರ ಪಕ್ಕದಲ್ಲಿ ಅಯಸ್ಕಾಂತ ಮತ್ತು ತಂತಿಯ ಸುರುಳಿ. ಹಲ್ಲು ಎದುರು ಬಂದಾಗಲೆಲ್ಲ ಸುರುಳಿಯಲ್ಲಿ ಒಂದು ಮಿಡಿತ. ಉಜ್ಜುವುದಿಲ್ಲ, ಕುಪ್ಪಳಿಸುವುದಿಲ್ಲ. ಕಾರ್ವೆಟ್‌ನಲ್ಲಿ ಇಂಥ ಟ್ರಾನ್ಸಿಸ್ಟರ್ ಇಗ್ನಿಷನ್ 1964ರಿಂದ ಬೇಕೆಂದವರಿಗೆ ಸಿಗುತ್ತಿತ್ತು. 1967ರ ಎಲ್88 ಎಂಜಿನ್ ಕೊಂಡವರು ಅದನ್ನು ತೆಗೆದುಕೊಳ್ಳಲೇಬೇಕಿತ್ತು. ಕ್ರೈಸ್ಲರ್ 1973ರ ಹೊತ್ತಿಗೆ ತನ್ನ ಎಲ್ಲ ಕಾರುಗಳಿಗೂ ಎಲೆಕ್ಟ್ರಾನಿಕ್ ಇಗ್ನಿಷನ್ ಕೊಟ್ಟಿತು. ಜನರಲ್ ಮೋಟಾರ್ಸ್ 1975ರ ಮಾದರಿಗಳಲ್ಲಿ ಎಚ್.ಇ.ಐ. ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ ತಂದು, ಎಂಟು ಸಿಲಿಂಡರಿನ ಎಂಜಿನ್‌ಗಳಲ್ಲಿ ಕಾಯಿಲನ್ನು ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆಯೇ ಕೂರಿಸಿತು. ಇದರಲ್ಲಿ ನನಗೆ ಮೆಚ್ಚುಗೆಯಾದದ್ದು ಡ್ವೆಲ್ ಬದಲಾಗುವುದು. ನಿಧಾನ ಓಟದಲ್ಲಿ ಕಾಯಿಲ್ ಸುಮ್ಮನೆ ಬಿಸಿಯಾಗದಂತೆ ಡ್ವೆಲ್ ಕಡಿಮೆ, ವೇಗ ಏರಿದಂತೆ ಹೆಚ್ಚು. ಕ್ಯಾಮ್‌ನ ಆಕಾರಕ್ಕೆ ಕಟ್ಟುಬಿದ್ದ ಪಾಯಿಂಟಿಗೆ ಇದು ಸಾಧ್ಯವೇ ಇಲ್ಲ. ಡ್ವೆಲ್ ಕೈಯಲ್ಲಿದ್ದರೆ ಕಡಿಮೆ ರೋಧದ, ಬೇಗ ತುಂಬುವ ಕಾಯಿಲ್ ಹಾಕಬಹುದು. ಮೊದಲ ಪ್ರಶ್ನೆಗೆ ಇಷ್ಟು ಅಚ್ಚುಕಟ್ಟಾದ ಉತ್ತರ ಅಲ್ಲಿಯವರೆಗೆ ಬಂದಿರಲಿಲ್ಲ.

ಎಲ್ಲ ಪ್ರಯೋಗಗಳೂ ಗೆಲ್ಲಲಿಲ್ಲ. 1971ರಲ್ಲಿ ಜಾಗ್ವಾರ್ ತನ್ನ ಹನ್ನೆರಡು ಸಿಲಿಂಡರಿನ ಎಂಜಿನ್ನಿಗೆ ಲೂಕಾಸ್‌ನ ಓಪಸ್ ವ್ಯವಸ್ಥೆ ಆರಿಸಿಕೊಂಡಿತು. ಹನ್ನೆರಡು ಫೆರೈಟ್ ಕಡ್ಡಿಗಳನ್ನು ಹುದುಗಿಸಿದ ಚಕ್ರವೊಂದು ಪಿಕಪ್ ಎದುರು ತಿರುಗುತ್ತಿತ್ತು. ಕಲ್ಪನೆ ಸೊಗಸಾದದ್ದು. ಆದರೆ ಇ-ಟೈಪ್‌ನಲ್ಲಿ ಅದರ ಆಂಪ್ಲಿಫೈಯರನ್ನು ಎರಡು ಸಾಲು ಸಿಲಿಂಡರ್‌ಗಳ ನಡುವಿನ ಕಣಿವೆಯಲ್ಲಿ, ಎಂಜಿನ್ನಿನ ಅತಿ ಬಿಸಿಯ ಜಾಗದಲ್ಲಿ ಕೂರಿಸಿದರು. ಎಲೆಕ್ಟ್ರಾನಿಕ್ಸ್‌ಗೆ ಬಿಸಿಯಷ್ಟು ದೊಡ್ಡ ಶತ್ರು ಇನ್ನಿಲ್ಲ. ನೀವು ಯಾವ ಪೆಟ್ಟಿಗೆ ಹಾಕಿದರೂ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ದೂರ, ಗಾಳಿ ಆಡುವ ಕಡೆ, ಬಾಡಿಯ ಲೋಹಕ್ಕೆ ಚೆನ್ನಾಗಿ ಅಂಟಿಕೊಳ್ಳುವಂತೆ ಕೂರಿಸಿ.

ಈಗ ನಿಮಗೆ ಒಬ್ಬರು ಸೂಚಿಸಿದ ಸಿ.ಡಿ.ಐ. ಇದು ಬೇರೆಯೇ ಜಾತಿ. ಇಲ್ಲಿ ಶಕ್ತಿಯನ್ನು ಕಾಯಿಲ್‌ನಲ್ಲಿ ಕೂಡಿಡುವುದಿಲ್ಲ, ಕೆಪಾಸಿಟರಿನಲ್ಲಿ ಕೂಡಿಡುತ್ತಾರೆ. ಪೆಟ್ಟಿಗೆಯೊಳಗಿನ ಮಂಡಲ ಬ್ಯಾಟರಿಯ 12 ವೋಲ್ಟನ್ನು 400ರ ಆಸುಪಾಸಿಗೆ ಏರಿಸಿ ಒಂದು ಮೈಕ್ರೋಫ್ಯಾರಡ್‌ನಷ್ಟು ಕೆಪಾಸಿಟರ್ ತುಂಬುತ್ತದೆ. ಅದರಲ್ಲಿ ನಿಲ್ಲುವುದು 80 ಮಿಲಿಜೌಲ್. ಸನ್ನೆ ಬಂದ ಕೂಡಲೇ ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಬಾಗಿಲು ತೆರೆದಂತೆ ಅಷ್ಟನ್ನೂ ಕಾಯಿಲ್ ಮೂಲಕ ಒಮ್ಮೆಗೇ ಸುರಿಯುತ್ತದೆ. ಕಾಯಿಲ್ ಇಲ್ಲಿ ಬರೀ ಟ್ರಾನ್ಸ್‌ಫಾರ್ಮರ್. ತುಂಬಿಕೊಳ್ಳಲು ಹೆಚ್ಚು ಹೊತ್ತು ಬೇಡವಾದ್ದರಿಂದ 7000 ಸುತ್ತಿನಲ್ಲೂ ಕಿಡಿ ಬಡವಾಗುವುದಿಲ್ಲ.

ಪೋರ್ಷೆ 1969ರ ಮಾದರಿಯ 911ಇ ಮತ್ತು 911ಎಸ್ ಕಾರುಗಳಿಗೆ ಬಾಷ್‌ನ ಸಿ.ಡಿ.ಐ. ಕೊಟ್ಟಿತು. ಇಗ್ನಿಷನ್ ಕೀಲಿ ತಿರುಗಿಸಿದಾಗ ಕಾರಿನ ಹಿಂಭಾಗದಿಂದ ಸಣ್ಣಗೆ ಸಿಳ್ಳೆ ಕೇಳಿಸುತ್ತದೆಯಲ್ಲ, ಅದು ಆ ಪೆಟ್ಟಿಗೆಯದೇ ದನಿ. ಹಳೆಯ 911 ಇಟ್ಟುಕೊಂಡವರು ಆ ಸಿಳ್ಳೆ ಕೇಳಿದರೆ ಪೆಟ್ಟಿಗೆಗೆ ಜೀವವಿದೆ ಎಂದು ತಿಳಿಯುತ್ತಾರೆ. ಸನ್ನೆ ಕೊಡುವ ಕೆಲಸ ಆಗಲೂ ಪಾಯಿಂಟಿನದೇ ಆಗಿತ್ತು ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಇಟಲಿಯಲ್ಲಿ ಫಿಯೆಟ್ ಡೀನೊ ಕಾರಿಗೆಂದು ಮ್ಯಾಗ್ನೆಟಿ ಮರೆಲ್ಲಿ ‘ಡೀನೊಪ್ಲೆಕ್ಸ್’ ಎಂಬ ಸಿ.ಡಿ.ಐ. ತಂದಿತು. ಅದು ಫೆರಾರಿಯ ಡೀನೊ ಕಾರಿನಲ್ಲೂ ಕೂತಿತು.

ಪೋರ್ಷೆ ಯಾಕೆ ಅಷ್ಟು ಖರ್ಚಿನ ಪೆಟ್ಟಿಗೆಗೆ ಹೋಯಿತು? ಮೆಕ್ಯಾನಿಕಲ್ ಇಂಜೆಕ್ಷನ್ ಇದ್ದ ಆ ಎಂಜಿನ್‌ಗಳು ಇಂಧನವನ್ನು ಧಾರಾಳವಾಗಿ ಕುಡಿಯುತ್ತಿದ್ದವು. ಪೇಟೆಯ ನಿಧಾನ ಓಟದಲ್ಲಿ ಪ್ಲಗ್ಗುಗಳ ಮೇಲೆ ಮಸಿ ಕೂರುತ್ತದೆ. ಮಸಿ ವಿದ್ಯುತ್ತನ್ನು ಸೋರಿಸುತ್ತದೆ. ತೂತು ಬಿದ್ದ ಕೊಡಕ್ಕೆ ನಿಧಾನವಾಗಿ ನೀರು ಹಾಕಿದರೆ ಅದು ತುಂಬುವುದೇ ಇಲ್ಲ, ಒಂದೇ ಸಲ ಸುರಿದರೆ ತುಂಬಿ ತುಳುಕುತ್ತದೆ. ಸಾಮಾನ್ಯ ಕಾಯಿಲ್‌ನ ವೋಲ್ಟೇಜ್ ನಿಧಾನವಾಗಿ ಏರುವುದರಿಂದ ಮಸಿಯ ಮೂಲಕ ಸೋರಿ ಹೋಗುತ್ತದೆ. ಸಿ.ಡಿ.ಐ. ವೋಲ್ಟೇಜ್ ಅದಕ್ಕಿಂತ ಹಲವು ಪಟ್ಟು ವೇಗವಾಗಿ ಏರಿ, ಸೋರುವ ಮೊದಲೇ ಸಂದಿ ಹಾರಿಬಿಡುತ್ತದೆ.

ಇದಕ್ಕೆ ತೆರುವ ಬೆಲೆಯೂ ಇದೆ. ಕಾಯಿಲ್‌ನ ಕಿಡಿ ಒಂದರಿಂದ ಎರಡು ಮಿಲಿಸೆಕೆಂಡ್ ಉರಿದರೆ ಸಿ.ಡಿ.ಐ. ಕಿಡಿ ಉರಿಯುವುದು ಅದರ ಹತ್ತನೇ ಒಂದು ಪಾಲಿನಷ್ಟು. ಮಿಶ್ರಣ ಸರಿಯಾಗಿದ್ದರೆ ಅಷ್ಟು ಸಾಕು. ಮಿಶ್ರಣ ತೆಳುವಾಗಿದ್ದು, ಆ ಗಳಿಗೆಯಲ್ಲಿ ಪ್ಲಗ್ಗಿನ ಬಳಿ ಸಾಕಷ್ಟು ಆವಿ ಇಲ್ಲದಿದ್ದರೆ ಕಿಡಿ ಬಂದು ಹೋದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಉದ್ದ ಉರಿಯುವ ಕಿಡಿಗೆ ಎರಡನೇ ಅವಕಾಶ ಇರುತ್ತದೆ. ನಂತರ ಬಂದ ಕೆಲವು ಪೆಟ್ಟಿಗೆಗಳು ಕಡಿಮೆ ವೇಗದಲ್ಲಿ ಒಂದರ ಬೆನ್ನಿಗೆ ಒಂದು ಹಲವು ಕಿಡಿ ಹಾರಿಸುವುದು ಈ ಕೊರತೆ ತುಂಬಲೆಂದೇ. ನಿಮ್ಮ ಕಾರಿನ ಎರಡು ಕಾರ್ಬ್ಯುರೇಟರ್ ಸರಿಯಾಗಿ ಹೊಂದಿಕೊಂಡಿದ್ದು, ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಸಿ.ಡಿ.ಐ. ನಿಮಗೆ ಹೆಚ್ಚೇನೂ ಕೊಡುವುದಿಲ್ಲ. ಕ್ಯಾಮ್ ಶಾಫ್ಟ್ ಬದಲಿಸಿ, ಮೂರು ವೇಬರ್ ಕಾರ್ಬ್ಯುರೇಟರ್ ಕೂರಿಸಿ, ಪ್ಲಗ್ಗುಗಳು ಪದೇ ಪದೇ ಕಪ್ಪಾಗುವ ಎಂಜಿನ್ ಆಗಿದ್ದರೆ ನಾನೇ ಮೊದಲು ಅದನ್ನು ಹೇಳುತ್ತಿದ್ದೆ.

ಒಂದು ಸಿಲಿಂಡರಿಗೆ ಎರಡು ಪ್ಲಗ್ ಇಡುವ ಪದ್ಧತಿಯ ಬಗ್ಗೆ ಎರಡು ಮಾತು. 1965ರ ಆಲ್ಫಾ ರೋಮಿಯೊ ಜಿಟಿಎ, 1973ರ ಪೋರ್ಷೆ ಕರೇರಾ ಆರ್‌ಎಸ್‌ಆರ್ ಇದಕ್ಕೆ ಪ್ರಸಿದ್ಧ. ದೊಡ್ಡ ವಾಲ್ವ್, ಗುಮ್ಮಟದಂತೆ ಉಬ್ಬಿದ ಪಿಸ್ಟನ್ ಇರುವ ದಹನ ಕೋಣೆಯಲ್ಲಿ ಒಂದು ಮೂಲೆಯಿಂದ ಹೊರಟ ಜ್ವಾಲೆ ಇನ್ನೊಂದು ಮೂಲೆ ಮುಟ್ಟಲು ಬಹಳ ದೂರ ಹೋಗಬೇಕು. ಎರಡು ಕಡೆಯಿಂದ ಹೊತ್ತಿಸಿದರೆ ದೂರ ಅರ್ಧವಾಗುತ್ತದೆ, ಕಿಡಿಯನ್ನು ಅಷ್ಟು ಮುಂಚೆ ಹಾರಿಸಬೇಕಿಲ್ಲ, ನಾಕ್ (ಮಿಶ್ರಣ ತಾನಾಗಿಯೇ ಸಿಡಿಯುವುದು) ಆಗುವ ಭಯವೂ ಕಡಿಮೆ. ಇದು ಕಿಡಿಯ ಕಥೆಗಿಂತ ಸಿಲಿಂಡರ್ ಹೆಡ್ಡಿನ ಕಥೆ. ನಿಮಗೆ ಸಂಬಂಧವಿಲ್ಲ.

ಎರಡನೇ ಪ್ರಶ್ನೆಗೆ ಬರುತ್ತೇನೆ: ಗಳಿಗೆ. 6000 ಸುತ್ತಿನಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ 36 ಡಿಗ್ರಿ ತಿರುಗುತ್ತದೆ. ಜ್ವಾಲೆಗೆ ಬೆಳೆಯಲು ಬೇಕಾದ ಹೊತ್ತು ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ, ಹಾಗಾಗಿ ವೇಗ ಏರಿದಂತೆ ಕಿಡಿಯನ್ನು ಮುಂಚೆ ಹಾರಿಸಬೇಕು. ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿರುವ ಎರಡು ತೂಕದ ತುಂಡುಗಳು, ಎರಡು ಪುಟ್ಟ ಸ್ಪ್ರಿಂಗ್ ಈ ಕೆಲಸ ಮಾಡುತ್ತವೆ. ಭಾರ ಕಡಿಮೆ ಇದ್ದಾಗ ವ್ಯಾಕ್ಯೂಮ್ ಡಬ್ಬಿ ಇನ್ನಷ್ಟು ಮುಂದೆ ಎಳೆಯುತ್ತದೆ. ಐವತ್ತು ವರ್ಷ ಕಳೆದ ಮೇಲೆ ಆ ಸ್ಪ್ರಿಂಗ್ ಜಗ್ಗಿರುತ್ತದೆ, ತೂಕಗಳ ಗೂಟಕ್ಕೆ ತುಕ್ಕು ಹಿಡಿದಿರುತ್ತದೆ, ಹಳೆಯ ಗ್ರೀಸ್ ಅಂಟಾಗಿರುತ್ತದೆ. ಹೀಗಿದ್ದಾಗ ಯಾವ ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಕಿದರೂ ಅದು ಬಲವಾದ ಕಿಡಿಯನ್ನು ತಪ್ಪು ಗಳಿಗೆಯಲ್ಲಿ ಹಾರಿಸುತ್ತದೆ, ಅಷ್ಟೇ.

ಇನ್ನೂ ಮುಖ್ಯವಾದದ್ದು ಡಿಸ್ಟ್ರಿಬ್ಯೂಟರಿನ ಶಾಫ್ಟನ್ನು ಅಲುಗದಂತೆ ಹಿಡಿದಿರುವ ಬಳೆ, ಅಂದರೆ ಬುಷ್. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅಲ್ಲಿನ ಒಂದು ಡಿಗ್ರಿ ತಪ್ಪು ಕ್ರ್ಯಾಂಕಿನಲ್ಲಿ ಎರಡು ಡಿಗ್ರಿ. ಬುಷ್ ಸವೆದು ಶಾಫ್ಟ್ ಅಲುಗಾಡಿದರೆ ಪ್ರತಿ ಸಿಲಿಂಡರಿಗೂ ಪಾಯಿಂಟಿನ ಸಂದಿ ಬೇರೆ, ಟೈಮಿಂಗ್ ಬೇರೆ. ಹಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಆರು ಸಿಲಿಂಡರಿನ ಎಂಜಿನ್ ಜೊತೆ ನಾನು ಎರಡು ವಾರ ಗುದ್ದಾಡಿದೆ. ಕಾಯಿಲ್, ಕಂಡೆನ್ಸರ್, ತಂತಿ ಎಲ್ಲ ಬದಲಾಯಿತು. ಕೊನೆಗೆ ಟೈಮಿಂಗ್ ಲೈಟನ್ನು ಒಂದನೇ ಸಿಲಿಂಡರಿನ ತಂತಿಗೆ ಸಿಕ್ಕಿಸಿ ಪುಲ್ಲಿಯ ಗುರುತು ನೋಡಿದೆ, ಸರಿಯಾಗಿತ್ತು. ಹಾಗೆಯೇ ಆರನೆಯದಕ್ಕೆ ಸಿಕ್ಕಿಸಿದೆ. ಒಂದು ಮತ್ತು ಆರನೇ ಪಿಸ್ಟನ್‌ಗಳು ಜೊತೆಯಲ್ಲೇ ಮೇಲೆ ಬರುವುದರಿಂದ ಗುರುತು ಅದೇ ಜಾಗದಲ್ಲಿ ಕಾಣಬೇಕಿತ್ತು. ನಾಲ್ಕು ಡಿಗ್ರಿ ಆಚೆ ಇತ್ತು, ಅದೂ ನಿಲ್ಲದೆ ನಡುಗುತ್ತಿತ್ತು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗೆ ತಿರುಗುವ ರೋಟರ್ ಹಿಡಿದು ಅಡ್ಡಡ್ಡ ಅಲುಗಾಡಿಸಿದರೆ ಟಕ್ ಟಕ್ ಎಂದು ಬೆರಳಿಗೇ ತಿಳಿಯುತ್ತಿತ್ತು. ಅಂದಿನಿಂದ ನಾನು ಯಾವ ಹಳೆಯ ಎಂಜಿನ್ ಮುಟ್ಟಿದರೂ ಮೊದಲು ಮಾಡುವುದು ಇದೇ ಪರೀಕ್ಷೆ.

ಡಿಸ್ಟ್ರಿಬ್ಯೂಟರನ್ನೇ ಕಿತ್ತುಹಾಕಿ ಎಂದವರ ಮಾತಿನ ತಿರುಳೂ ಇದೇ. ಕ್ರ್ಯಾಂಕಿನ ತುದಿಗೇ ಹಲ್ಲಿನ ಚಕ್ರ ಕಟ್ಟಿದರೆ ಗೇರ್, ಬುಷ್, ಶಾಫ್ಟ್ ಎಲ್ಲವನ್ನೂ ದಾಟಿ ನೇರವಾಗಿ ಕ್ರ್ಯಾಂಕಿನ ಸ್ಥಾನ ಓದಬಹುದು. 36 ಹಲ್ಲಿನ ಚಕ್ರದಲ್ಲಿ ಒಂದು ಹಲ್ಲನ್ನು ಬೇಕೆಂದೇ ಬಿಟ್ಟಿರುತ್ತಾರೆ. ಆ ಖಾಲಿ ಜಾಗ ನೋಡಿ ಕಂಪ್ಯೂಟರ್ ಲೆಕ್ಕ ಶುರುಮಾಡುತ್ತದೆ. ಮೂರು ಕಾಯಿಲ್ ಇಟ್ಟು ಒಂದೊಂದು ಕಾಯಿಲ್ ಎರಡು ಪ್ಲಗ್ ಉರಿಸಿದರೆ 6000 ಸುತ್ತಿನಲ್ಲಿ ಪ್ರತಿ ಕಾಯಿಲ್‌ಗೂ 10 ಮಿಲಿಸೆಕೆಂಡ್ ಸಿಗುತ್ತದೆ. ನಿಮ್ಮ ಈಗಿನ ಕಾಯಿಲ್‌ಗೆ ಸಿಗುವ 3.3ರ ಮೂರು ಪಟ್ಟು. ಒಂದು ಪ್ಲಗ್ ಸಂಕೋಚನದ ಹೊತ್ತಿನಲ್ಲಿ ಕೆಲಸ ಮಾಡಿದರೆ, ಅದರ ಜೋಡಿ ಹೊಗೆ ಹೊರಹೋಗುವ ಹೊತ್ತಿನಲ್ಲಿ ವ್ಯರ್ಥವಾಗಿ ಕಿಡಿ ಹಾರಿಸುತ್ತದೆ. ಇದು ಹೊಸ ವಿಚಾರವೇನಲ್ಲ. ಸಿಟ್ರೊಯೆನ್ 2ಸಿವಿ ಎಂಬ ಬಡವರ ಕಾರು ಡಿಸ್ಟ್ರಿಬ್ಯೂಟರ್ ಇಲ್ಲದೆ ಹೀಗೆಯೇ ಓಡುತ್ತಿತ್ತು.

ಹೊತ್ತು, ಗಳಿಗೆ ಎರಡನ್ನೂ ಹಿಡಿದು ನೋಡಿದರೆ ಇದೇ ಎಲ್ಲಕ್ಕಿಂತ ಮೇಲು. ಸಂದೇಹವಿಲ್ಲ. ಆದರೆ ಅದರ ನಿಜವಾದ ಲಾಭ ಇರುವುದು ಪ್ರತಿ ವೇಗಕ್ಕೂ ಪ್ರತಿ ಭಾರಕ್ಕೂ ಬೇಕಾದ ಟೈಮಿಂಗನ್ನು ಎಂಜಿನ್ನಿನ ಬಲ ಅಳೆಯುವ ಡೈನಮೋಮೀಟರಿನ ಮೇಲೆ ಅಳೆದು ಬರೆಯುವುದರಲ್ಲಿ. ಆ ಶ್ರಮ ಪಡದೆ ಯಾರದೋ ಟೈಮಿಂಗ್ ಪಟ್ಟಿ ತುಂಬಿಕೊಂಡು ಓಡಿಸಿದರೆ, ಚೆನ್ನಾಗಿ ಹೊಂದಿಸಿದ ಹಳೆಯ ಡಿಸ್ಟ್ರಿಬ್ಯೂಟರ್‌ಗಿಂತ ಕೆಟ್ಟದಾಗಿ ಓಡುವ ಸಂಭವವೇ ಹೆಚ್ಚು. ಮೂಲ ರೂಪದ 240ಝಡ್‌ಗೆ ನಾನು ಇದನ್ನು ಸೂಚಿಸುವುದಿಲ್ಲ.

ನಿಮ್ಮ ಕಾರಿಗೆ ಈಗ ಮಾಡಬೇಕಾದದ್ದು ಇಷ್ಟು. ಮುಗ್ಗರಿಸುವಾಗ ಟ್ಯಾಕೋಮೀಟರಿನ ಮುಳ್ಳನ್ನು ಬೇರೆಯವರಿಂದ ನೋಡಿಸಿ. ನಿಮ್ಮ ಕಣ್ಣು ರಸ್ತೆಯ ಮೇಲಿರಲಿ. ನಿಮ್ಮ ಟ್ಯಾಕೋಮೀಟರ್ ಎಣಿಸುವುದು ಕಾಯಿಲ್‌ನ ದಪ್ಪ ತಂತಿಯ ಕಡೆ ಹರಿಯುವ ವಿದ್ಯುತ್ತಿನ ಮಿಡಿತಗಳನ್ನು. ಎಂಜಿನ್ ಮುಗ್ಗರಿಸಿದಾಗ ಮುಳ್ಳೂ ಬೆಚ್ಚಿ ಕೆಳಗೆ ಜಿಗಿದರೆ ತೊಂದರೆ ಪಾಯಿಂಟ್, ಅದರ ಸ್ಪ್ರಿಂಗ್, ಕಂಡೆನ್ಸರ್ ಅಥವಾ ಆ ಕಡೆಯ ತಂತಿಗಳಲ್ಲಿದೆ. ಮುಳ್ಳು ನೆಟ್ಟಗೆ ನಿಂತಿದ್ದರೆ ಪ್ಲಗ್ ತಂತಿ, ಮುಚ್ಚಳ, ರೋಟರ್ ನೋಡಿ. ಅದೂ ಸರಿ ಇದ್ದರೆ ಇಂಧನ. ಇಗ್ನಿಷನ್ನಿನ ಮುಗ್ಗರಿಕೆ ಚಾಟಿಯೇಟಿನಂತೆ ಹರಿತ; ಕಾರ್ಬ್ಯುರೇಟರಿನ ಬಟ್ಟಲು ಬರಿದಾದ ಮುಗ್ಗರಿಕೆ ಮೆತ್ತಗೆ ಕುಸಿಯುತ್ತದೆ.

ಮುಂದೆ ಡ್ವೆಲ್ ಮೀಟರ್ ಸಿಕ್ಕಿಸಿ 1000, 3000, 5000 ಸುತ್ತಿನಲ್ಲಿ ಅಳೆಯಿರಿ. 35ರಿಂದ 41ರ ಒಳಗಿದ್ದು, ವೇಗ ಏರಿದರೂ ಎರಡು ಮೂರು ಡಿಗ್ರಿಗಿಂತ ಹೆಚ್ಚು ಕದಲದಿದ್ದರೆ ಶಾಫ್ಟ್ ಚೆನ್ನಾಗಿದೆ. ಮೇಲಿನ ವೇಗದಲ್ಲಿ ಡ್ವೆಲ್ ತಟ್ಟನೆ ಬಿದ್ದರೆ ಪಾಯಿಂಟ್ ಕುಪ್ಪಳಿಸುತ್ತಿದೆ. ಪಾಯಿಂಟಿನ ಮುಖವನ್ನೂ ನೋಡಿ. ಒಂದರ ಮೇಲೆ ಗುಳಿ, ಅದರ ಎದುರಿನದರ ಮೇಲೆ ಗುಬ್ಬಿ ಎದ್ದಿದ್ದರೆ ಕಂಡೆನ್ಸರ್ ಅಳತೆಯದ್ದಲ್ಲ. ಮುಖ ನೀಲಿಗಟ್ಟಿದ್ದರೆ ನಿಮ್ಮ ಹೊಸ ಕಾಯಿಲ್ ಕಡಿಮೆ ರೋಧದ್ದು, ಪಾಯಿಂಟ್ ತಾಳುವುದಕ್ಕಿಂತ ಹೆಚ್ಚು ವಿದ್ಯುತ್ ಎಳೆಯುತ್ತಿದೆ. ಮಲ್ಟಿಮೀಟರಿನಲ್ಲಿ ಕಾಯಿಲ್ ಮತ್ತು ಬ್ಯಾಲಸ್ಟ್ ಎರಡೂ ಸೇರಿ 3 ಓಮ್ ಆಸುಪಾಸು ಬರದಿದ್ದರೆ ಹಳೆಯ ಕಾಯಿಲನ್ನೇ ಮತ್ತೆ ಹಾಕಿ.

ಬುಷ್ ಸವೆದಿದ್ದರೆ ಅಥವಾ ಪಾಯಿಂಟ್ ಹೊಂದಿಸುವುದೇ ನಿಮಗೆ ಬೇಸರವಾಗಿದ್ದರೆ, 1980ರ ಆಸುಪಾಸಿನ 280ಝಡ್‌ಎಕ್ಸ್‌ನ ಡಿಸ್ಟ್ರಿಬ್ಯೂಟರ್ ನನ್ನ ಆಯ್ಕೆ. ಅದೇ ಮನೆತನದ ಎಂಜಿನ್, ಅದೇ ತಿರುಗುವ ದಿಕ್ಕು, ಹಲ್ಲಿನ ಚಕ್ರದ ಪಿಕಪ್, ಪಕ್ಕದಲ್ಲೇ ಅಂಟಿಕೊಂಡ ಪುಟ್ಟ ಮಾಡ್ಯೂಲ್. ಕೂರುವ ತಳಭಾಗವನ್ನೂ ಅದರ ಜೊತೆಗೇ ತನ್ನಿ, ಬ್ಯಾಲಸ್ಟ್ ರೆಸಿಸ್ಟರನ್ನು ದಾಟಿಸಿ ಕಾಯಿಲ್‌ಗೆ ನೇರ ವಿದ್ಯುತ್ ಕೊಡಿ, ಅದಕ್ಕೆ ಒಪ್ಪುವ ಕಾಯಿಲ್ ಹಾಕಿ. ಹಾಗೆ ದಾಟಿಸುವಾಗ ತಂತಿ ಟ್ಯಾಕೋಮೀಟರಿನ ಮೂಲಕವೇ ಹೋಗುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮುಳ್ಳು ಸತ್ತುಬಿಡುತ್ತದೆ. ಅದರ ಅಡ್ವಾನ್ಸ್ (ಕಿಡಿ ಎಷ್ಟು ಮುಂಚೆ ಹಾರುತ್ತದೆ ಎಂಬ ಪ್ರಮಾಣ) ನಿಮ್ಮ ಹಳೆಯದರಂತೆ ಇರುವುದಿಲ್ಲ, ಆದ್ದರಿಂದ ನಿಧಾನ ಓಟದ ಟೈಮಿಂಗ್ ಹೊಂದಿಸಿ ಬಿಡಬೇಡಿ. ವ್ಯಾಕ್ಯೂಮ್ ಕೊಳವೆ ಕಳಚಿ, 3500 ಸುತ್ತಿನಲ್ಲಿ ಲೈಟ್ ಹಿಡಿದು ಒಟ್ಟು ಅಡ್ವಾನ್ಸ್ ಎಷ್ಟಿದೆ ಎಂದು ನೋಡಿ ಹೊಂದಿಸಿ. ಪಾಯಿಂಟ್ ಜಾಗದಲ್ಲೇ ಕೂರುವ, ಅಯಸ್ಕಾಂತವನ್ನು ಗ್ರಹಿಸುವ ಹಾಲ್ ಸಂವೇದಕದ ಕಿಟ್‌ಗಳೂ ಸಿಗುತ್ತವೆ, ಬುಷ್ ಗಟ್ಟಿಯಿದ್ದರೆ ಅವೂ ಸರಿಯೇ. ಆದರೆ ಎಂಜಿನ್ ನಿಂತಿರುವಾಗ ಕೀಲಿಯನ್ನು ತಿರುಗಿಸಿಟ್ಟು ಬಿಟ್ಟರೆ ಅವುಗಳಲ್ಲಿ ಹಲವು ಸುಟ್ಟು ಹೋಗುತ್ತವೆ.

ಯಾವುದನ್ನು ಹಾಕಿದರೂ, ಈಗಿನ ಡಿಸ್ಟ್ರಿಬ್ಯೂಟರ್ ಬಿಚ್ಚುವ ಮೊದಲು ಎಂಜಿನ್ ತಿರುಗಿಸಿ ಒಂದನೇ ಪಿಸ್ಟನ್ ಸಂಕೋಚನದ ತುದಿಗೆ ಬರುವಂತೆ ಮಾಡಿ, ರೋಟರ್ ಎತ್ತ ಮುಖ ಮಾಡಿದೆ ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ನಿಮ್ಮ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರನ್ನೂ ಎಣ್ಣೆ ಪಂಪನ್ನೂ ತಿರುಗಿಸುವುದು ಒಂದೇ ಶಾಫ್ಟ್. ಹಿಂದೆ ಯಾರಾದರೂ ಪಂಪ್ ಬಿಚ್ಚಿ ಒಂದು ಹಲ್ಲು ತಪ್ಪಿಸಿ ಜೋಡಿಸಿದ್ದರೆ ಹೊಸ ಡಿಸ್ಟ್ರಿಬ್ಯೂಟರನ್ನು ಅದರ ತಿರುಗಿಸುವ ಸೀಳಿನ ಕೊನೆಯವರೆಗೆ ಸರಿಸಿದರೂ ಟೈಮಿಂಗ್ ಸಿಗುವುದಿಲ್ಲ. ಆಗ ಡಿಸ್ಟ್ರಿಬ್ಯೂಟರನ್ನು ದೂರಬೇಡಿ, ಪಂಪ್ ಇಳಿಸಿ ಶಾಫ್ಟನ್ನು ಸರಿಯಾದ ಹಲ್ಲಿಗೆ ಕೂರಿಸಿ.